ಈ ವಿಳಾಸಕ್ಕೆ ಉತ್ತರಿಸಬೇಡಿ

ಬೆಳಿಗ್ಗೆ ಆರೂ ಹತ್ತಕ್ಕೆ, ನಾನು ತೆರೆರೆಗೆ ಐಸು ಒಡೆಯುವ ಹೊತ್ತಿಗೆ,
ಬರುತ್ತದೆ ನಿಮ್ಮ ಇಮೇಲು.
ತಳದಲ್ಲಿ ಇರುವೆಯಷ್ಟು ಸಣ್ಣ ಅಕ್ಷರ:
ಈ ವಿಳಾಸಕ್ಕೆ ಉತ್ತರಿಸಬೇಡಿ.
ಹನ್ನೊಂದು ವರ್ಷ ಮಾತು ಮೀರಲಿಲ್ಲ.
ಇವತ್ತು ಮೀರುತ್ತಿದ್ದೇನೆ.

ನಾನು ನಿಮಿಯಾ ಒವೆಲಾರ್. ಅಸುನ್ಸಿಯೋನ್,
ಬಂದರಿನ ಬೀದಿ, ಎರಡನೇ ಮಹಡಿ.
ಹದಿನಾರು ಬಾರ್ಜು ಒಂದಕ್ಕೊಂದು ಬಿಗಿದು ಹಿಂದಿನಿಂದ ಟಗ್ಗು ದೂಡಿದರೆ
ಸೋಯಾ ಕೆಳಕ್ಕೆ, ಡೀಸೆಲ್ ಮೇಲಕ್ಕೆ.
ಎಷ್ಟು ತುಂಬಬೇಕು, ತುಂಬಿದ್ದು ಎಷ್ಟು ಮುಳುಗಬಹುದು,
ಅದು ನನ್ನ ಲೆಕ್ಕ.

ಮೊದಮೊದಲು ಎಲ್ಲಕ್ಕೂ ಚಂದಾದಾರಳಾದೆ,
ಮದುವೆ ಮನೆಯಲ್ಲಿ ಬೇಡ ಅನ್ನಲು ನಾಚುವವಳ ಹಾಗೆ.
ಪನಾಮಾ ಕಾಲುವೆಯ ಸರದಿ, ರೊಸಾರಿಯೊದ ಮುಷ್ಕರ,
ರೋಟರ್‌ಡ್ಯಾಮಿನ ಮಂಜು,
ಸೇತುವೆ ಕಂಬಕ್ಕೆ ಬಳಿಯುವ ಬಣ್ಣದ ಬಗ್ಗೆಯೇ ಒಂದು ಮಾಸಿಕ.
ವಾರ ರಜೆ ಹಾಕಿ ಬಂದರೆ
ಓದದ ನಾಲ್ಕು ನೂರು, ದಪ್ಪಕ್ಷರದಲ್ಲಿ,
ತೊಳೆಯದ ಪಾತ್ರೆಗಳ ಹಾಗೆ ಕಾದಿರುತ್ತಿದ್ದವು.
ಒಂದೊಂದಾಗಿ ಕಳಚಿಕೊಂಡೆ.
ನೀವು ಹೋಗುತ್ತಿರುವುದು ನಮಗೆ ಬೇಸರ, ಎಂದರು ಎಲ್ಲರೂ,
ಅದೇ ಪದಗಳಲ್ಲಿ, ಅದೇ ಬೇಸರ.

ನಿಮ್ಮದನ್ನು ಬಿಡಲಿಲ್ಲ.
ನದಿಯ ಎತ್ತರ. ಒಂಬತ್ತು ಊರು, ಒಂಬತ್ತು ಸಾಲು.
ಇಂದು ಇಷ್ಟು; ನಿನ್ನೆಗಿಂತ ಇಷ್ಟು ಇಳಿಕೆ.
ಚಿತ್ರವಿಲ್ಲ, ಶುಭೋದಯವಿಲ್ಲ.
ಎಂಟು ಊರಿನ ಅಂಕಿ ಒಂದು ಮೂವತ್ತೇಳು, ಎರಡು ಹದಿಮೂರು,
ಏಳನೆಯದು ಮಾತ್ರ, ಪುಯೆರ್ತೊ ಟಕುವಾರ,
ಸದಾ ಐದಕ್ಕೋ ಸೊನ್ನೆಗೋ ಬಂದು ನಿಲ್ಲುತ್ತದೆ.
ಯಂತ್ರ ಹಾಗೆ ನಿಲ್ಲುವುದಿಲ್ಲ.
ಅದು ಕಣ್ಣು ಎಂದು ನನಗೆ ಮೂರನೇ ವರ್ಷ ಹೊಳೆಯಿತು.

ಹೌದಮ್ಮಾ, ಎಂದ ಪೈಲಟ್ ಗಾರ್ಸೆತೆ,
ಅಲ್ಲಿ ದೋನ್ ಅತನಾಸಿಯೊ ಇದ್ದಾನೆ.
ಪ್ಯಾಂಟು ಮೊಣಕಾಲಿಗೆ ಮಡಚಿ, ಟಾರ್ಚು ಹಲ್ಲಲ್ಲಿ ಕಚ್ಚಿ
ಅಳತೆಗಂಬ ನೋಡಲು ಕತ್ತಲಲ್ಲೇ ಇಳಿಯುತ್ತಾನೆ.
ನಾಯಿ ದಡದಲ್ಲೇ ನಿಂತು ಬೊಗಳುತ್ತದೆ.

ಈ ಆಗಸ್ಟು ಇಳಿಕೆ, ಇಳಿಕೆ, ಇಳಿಕೆ.
ಹದಿನಾರು ಬಾರ್ಜು ಹನ್ನೆರಡಾಯಿತು. ಎಂಟಾಯಿತು.
ಆ ಎಂಟೂ ಅರೆಹೊಟ್ಟೆ.
ಮಾಲೀಕರು ಫೋನಿನಲ್ಲಿ ಬೈದರು,
ನದಿಯನ್ನು ನಾನೇ ಕುಡಿದೆನೋ ಎಂಬಂತೆ.
ಸೆಪ್ಟೆಂಬರ್ ಮೂರು, ಏಳನೆಯ ಸಾಲು: ಸೊನ್ನೆ.
ನಾಲ್ಕು: ಒಂದು ಅಡ್ಡಗೆರೆ.

ಅಡ್ಡಗೆರೆ ಅಂದರೆ?
ಯಂತ್ರವಾದರೆ ಬ್ಯಾಟರಿ ಸತ್ತಿದೆ.
ಮನುಷ್ಯನಾದರೆ?
ನಿಮ್ಮ ಕೋಷ್ಟಕದಲ್ಲಿ ಅದಕ್ಕೆ ಅರ್ಥ ಕೊಟ್ಟಿಲ್ಲ.
ಐದು, ಅಡ್ಡಗೆರೆ. ಆರು, ಅಡ್ಡಗೆರೆ.
ಮುಖ ನೋಡದ ಮನುಷ್ಯನಿಗೆ
ಎಷ್ಟು ದಿನ ಕಾದು ಅಳಬೇಕು, ಯಾರನ್ನು ಕೇಳಲಿ?
ಗಾರ್ಸೆತೆಗೆ ರೇಡಿಯೊದಲ್ಲಿ ಹೇಳಿದೆ:
ಹಾಯುವಾಗ ಒಮ್ಮೆ ದಡ ನೋಡು.

ಏಳನೇ ತಾರೀಕು ಗೆರೆಯ ಪಕ್ಕ ಇಪ್ಪತ್ತು ಬಂದು ಕೂತಿತು.
ಗೆರೆ ಸಾವಲ್ಲ, ಕಳೆಯುವ ಚಿಹ್ನೆ.

ಸಂಜೆ ರೇಡಿಯೊ ಗರಗರ ಅಂದಿತು:
ಕಂಬದ ಬುಡದಲ್ಲಿ ಒಡೆದ ಕೆಸರು, ಒಂದು ಸತ್ತ ಮೀನು.
ನದಿ ನಲವತ್ತು ಹೆಜ್ಜೆ ಆಚೆ ಹೋಗಿದೆ.
ಮುದುಕ ಬಿದಿರು ಕಡಿದು, ಚಾಕುವಿನಲ್ಲಿ ಗಂಟೆ ಗಂಟೆ ಗೀರು ಹಾಕಿ,
ಗಾರೆಯವರ ನೀರಿನ ಕೊಳವೆ ಹಿಡಿದು ಮಟ್ಟ ಕೆಳಗಿಳಿಸಿ,
ಮೂರು ದಿನ ಬೇಕಾಯಿತು,
ಸೊನ್ನೆಯ ಕೆಳಗೆ ಇನ್ನೊಂದು ಕಂಬ ನೆಟ್ಟಿದ್ದಾನೆ.
ಟಕುವಾರ ಅಂದರೆ ನಮ್ಮ ಗ್ವಾರಾನಿಯಲ್ಲಿ ಬಿದಿರು.
ಊರಿನ ಹೆಸರು ಇಷ್ಟು ಕಾಲ ಸುಮ್ಮನೆ ಕೂತಿತ್ತು.

ಇವತ್ತು ಕಳೆ ಮೂವತ್ತೈದು.
ಆರೇ ಬಾರ್ಜು ಬಿಡುತ್ತಿದ್ದೇನೆ, ಆರು ಹೋಗುತ್ತವೆ.
ಗಾರ್ಸೆತೆಯ ಕೈಯಲ್ಲಿ ಟಾರ್ಚಿನ ನಾಲ್ಕು ಸೆಲ್ಲು, ಒಂದು ಕಿಲೊ ಯೆರ್ಬಾ,
ನಾಯಿಗೆ ಏನು ಇಷ್ಟವೋ ಗೊತ್ತಿಲ್ಲ, ಮೂಳೆ ಕಳಿಸಿದ್ದೇನೆ.

ಇದು ನಿಮಗೆ ತಲುಪುವುದಿಲ್ಲ, ಬಲ್ಲೆ.
ಅರೆನಿಮಿಷದಲ್ಲಿ ಹಿಂದಿರುಗಿ ಬರುತ್ತದೆ, ಹಣೆಯ ಮೇಲೆ ಮುದ್ರೆ ಒತ್ತಿಸಿಕೊಂಡು.
ಬರಲಿ.
ನಾಳೆ ಆರೂ ಹತ್ತಕ್ಕೆ ಏಳನೆಯ ಸಾಲು ಮೊದಲು ನೋಡುತ್ತೇನೆ,
ಐದೋ, ಸೊನ್ನೆಯೋ.